ಮದುವೆ ಮನೇಲಿ ವಾಲ್ಟ್ಜ್ ಶುರುವಾದ್ರೆ ಓಡಬೇಡಿ, ಮೂರು ಎಣಿಸೋಕೆ ಬಂದ್ರೆ ಸಾಕು!

ಚಾಂಪಿಯನ್ ರೀಫ್ಸ್: ನಮ್ಮೂರ ಕ್ರೈಸ್ತರ ಮದುವೆ ರಿಸೆಪ್ಷನ್‌ಗೆ ಹೋದವರಿಗೆ ಇದು ಗೊತ್ತಿರುತ್ತೆ. ಕೇಕ್ ಕತ್ತರಿಸಿದ ಮೇಲೆ ನಿಧಾನದ ಒಂದು ಹಾಡು ಹಾಕ್ತಾರೆ. ಮದುಮಕ್ಕಳು ಕೈ ಹಿಡಿದು ಕುಣಿತಾರೆ, ಆಮೇಲೆ ಎಲ್ಲರನ್ನೂ ಕರೀತಾರೆ. ಆಗ ನನ್ನಂಥವರು ಮೆಲ್ಲಗೆ ಊಟದ ಕಡೆ ಜಾರಿಕೊಳ್ತೀವಿ. ಸಿನಿಮಾ ಹಾಡಿಗೆ ಕುಣಿಯೋ ಹುಡುಗರಿಗೂ ಜೋಡಿ ಕುಣಿತ ಅಂದ್ರೆ ಕೈಕಾಲು ಆಡಲ್ಲ.

ಈ ಕುಣಿತ ಇಲ್ಲಿಗೆ ಬಂದಿದ್ದು ಚಿನ್ನದ ಜೊತೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಹಿಡಿದ ಮೇಲೆ ಕೆಜಿಎಫ್‌ಗೆ 'ಲಿಟಲ್ ಇಂಗ್ಲೆಂಡ್' ಅಂತ ಹೆಸರು ಬಿತ್ತು. ಸಾಹೇಬರು ಕ್ಲಬ್ಬಿನಲ್ಲಿ ಕುಣಿದರು. ಗಣಿಗೆ ಇಳಿಯುತ್ತಿದ್ದ ನಮ್ಮ ತಾತನಂಥವರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಕ್ರಿಸ್‌ಮಸ್, ಹೊಸ ವರ್ಷ, ಮದುವೆಗಳಲ್ಲಿ ವಾಲ್ಟ್ಜ್, ಜೈವ್ ಉಳಿಸಿಕೊಂಡು ಬಂದವರು ಆಂಗ್ಲೋ ಇಂಡಿಯನ್ ಕುಟುಂಬದವರು. ಅವರಲ್ಲಿ ಎಷ್ಟೋ ಜನ ಊರು ಬಿಟ್ಟರು. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು.

ನನಗೆ ಹೇಳಿಕೊಟ್ಟವರು ನಮ್ಮ ಬೀದಿಯ ವಯಸ್ಸಾದ ಒಬ್ಬ ಆಂಟಿ. ಮೊದಲ ದಿನವೇ ಅವರ ಕಾಲು ತುಳಿದೆ. "ಕಾಲು ನೋಡ್ಬೇಡಪ್ಪಾ, ಮುಖ ಎತ್ತು" ಅಂದರು.

ಕಲಿಯೋದು ಹೀಗೆ. ವಾಲ್ಟ್ಜ್‌ಗೆ ಮೂರೇ ಎಣಿಕೆ. ನಮ್ಮ ತ-ಕಿ-ಟ ಇದೆಯಲ್ಲ, ಅದೇ ಲೆಕ್ಕ. 'ತ' ಮೇಲೆ ಒತ್ತು ಬೀಳಬೇಕು. ಗಂಡಸರು ಒಂದಕ್ಕೆ ಎಡಗಾಲು ಮುಂದೆ, ಎರಡಕ್ಕೆ ಬಲಗಾಲು ಪಕ್ಕಕ್ಕೆ, ಮೂರಕ್ಕೆ ಎಡಗಾಲು ತಂದು ಜೋಡಿಸಬೇಕು. ಮತ್ತೆ ಬಲಗಾಲು ಹಿಂದೆ, ಎಡಗಾಲು ಪಕ್ಕಕ್ಕೆ, ಬಲಗಾಲು ಜೋಡಣೆ. ಆರು ಹೆಜ್ಜೆಗೆ ನೆಲದ ಮೇಲೆ ಒಂದು ಚೌಕ ಆಗಿ ಹೊರಟ ಜಾಗಕ್ಕೇ ಬರ್ತೀರಿ. ಹೆಂಗಸರಿಗೆ ಇದೇ ತಿರುವುಮುರುವು: ಮೊದಲ ಹೆಜ್ಜೆ ಬಲಗಾಲು ಹಿಂದಕ್ಕೆ.

ಹೊಸಬರು ತಪ್ಪೋದು ಮೂರನೇ ಹೆಜ್ಜೆಯಲ್ಲಿ. ಕಾಲು ಜೋಡಿಸ್ತಾರೆ, ಮೈಭಾರ ಮಾತ್ರ ಅದರ ಮೇಲೆ ಹಾಕಲ್ಲ. ಹಾಗಾಗಿ ಮುಂದಿನ ಹೆಜ್ಜೆಗೆ ಯಾವ ಕಾಲು ಎತ್ತಬೇಕು ಅನ್ನೋದೇ ಗೊಂದಲ. ಭಾರ ಪೂರ್ತಿ ಬದಲಾದರೆ ಇನ್ನೊಂದು ಕಾಲು ತಾನಾಗೇ ಏಳುತ್ತೆ. ಮೊದಲು ಮನೇಲಿ ಒಬ್ಬರೇ ಹಾಡಿಲ್ಲದೆ, ಬಾಯಲ್ಲಿ ಎಣಿಸಿಕೊಂಡು ಅಭ್ಯಾಸ ಮಾಡಿ. ರಬ್ಬರ್ ಅಟ್ಟೆಯ ಶೂ ಬೇಡ, ತಿರುಗುವಾಗ ನೆಲ ಕಚ್ಚಿಕೊಳ್ಳುತ್ತೆ.

ಹಾಲ್‌ನಲ್ಲಿ ಎರಡು ಮರ್ಯಾದೆ ಇದೆ. ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಾರೆ, ಅಡ್ಡ ಬರಬೇಡಿ. ಜೊತೆಗೆ ಕುಣಿಯೋಕೆ ಕೇಳಿಯೇ ಕರೀಬೇಕು. ಬೇಡ ಅಂದ್ರೆ ನಕ್ಕು ಸುಮ್ಮನಾಗಬೇಕು, ಒತ್ತಾಯ ಸಲ್ಲದು.

ಮೂರು ವಾರಕ್ಕೆ ನನಗೆ ಚೌಕ ಬಂತು. ಆಂಟಿ ಕಾಸು ಕೇಳಲಿಲ್ಲ. "ಕೇಳಿಕೊಂಡು ಬಂದವನು ನೀನೊಬ್ಬನೇ" ಅಂದಾಗ ಮನಸ್ಸಿಗೆ ಚುಚ್ಚಿತು. ತಾತನಿಗೆ ಬಾಗಿಲು ತೆರೆಯದ ಕುಣಿತವನ್ನು ಇವತ್ತು ಪಕ್ಕದ ಮನೆಯ ಹಜಾರದಲ್ಲೇ ಕಲಿಯಬಹುದು. ನಿಮ್ಮ ಬೀದಿಯಲ್ಲೂ ಅಂಥ ಹಿರಿಯರಿದ್ದರೆ, ಅವರು ಇರುವಾಗಲೇ ಹೋಗಿ ಕೇಳಿ.