ಬೆಳಗಾದರೆ ಮೂಕವಾಗುವ ಯಂತ್ರ

ನಮ್ಮ ಕಾಲೇಜಿನ ಗಣಕಶಾಲೆಗೆ ಒಬ್ಬ ಅಂಧ ವಿದ್ಯಾರ್ಥಿ ಬರುತ್ತಾನೆ. ಅಲ್ಲಿನ ಲಿನಕ್ಸ್ ಗಣಕದಲ್ಲಿರುವ ಆರ್ಕಾ ಎಂಬ ವಾಚಕವು ಪರದೆಯ ಬರೆಹವನ್ನು ಅವನಿಗೆ ಓದಿ ಹೇಳುತ್ತದೆ. ಇ-ಸ್ಪೀಕ್ ಅದಕ್ಕೆ ಕನ್ನಡದ ದನಿಯನ್ನು ಒದಗಿಸುತ್ತದೆ. ಆದರೆ ಪ್ರತಿ ಬೆಳಗ್ಗೆಯೂ ಆ ಯಂತ್ರ ಮೂಕವಾಗಿರುತ್ತಿತ್ತು. ಕಣ್ಣುಳ್ಳವರೊಬ್ಬರು ಬಂದು ಸರಿಪಡಿಸುವವರೆಗೆ ಅವನು ಕೈಕಟ್ಟಿ ಕುಳಿತಿರಬೇಕು. "ಇವತ್ತೂ ಇದಕ್ಕೆ ಗಂಟಲು ಕಟ್ಟಿದೆ, ಸಾರ್" ಎಂದು ಅವನು ನಕ್ಕಾಗ ನನಗೆ ನಗು ಬರಲಿಲ್ಲ.

ದೋಷವಾದರೂ ಎಲ್ಲಿ? ಲಿನಕ್ಸಿನಲ್ಲಿ ಸದ್ದಿನ ಹೊಣೆ ಹೊತ್ತಿರುವುದು ಆಲ್ಸಾ ಎಂಬ ವ್ಯವಸ್ಥೆ. 1998ರಲ್ಲಿ ಯಾರೊಸ್ಲಾವ್ ಕೀಸೆಲಾ ಆರಂಭಿಸಿದ ಈ ಕಾರ್ಯವು 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಕರ್ನೆಲ್ಲಿನ ಅಂಗವಾಯಿತು. ನಾವು ಗೊತ್ತುಮಾಡಿದ ಧ್ವನಿಮಟ್ಟವು ವಿದ್ಯುತ್ತು ಹೋದೊಡನೆ ನೀರ ಮೇಲಣ ಬರೆಹದಂತೆ ಅಳಿಯುತ್ತದೆ. ಆದುದರಿಂದ ಗಣಕವು ಕ್ರಮವಾಗಿ ಮುಚ್ಚಿಕೊಳ್ಳುವಾಗ ಆ ಮಟ್ಟಗಳನ್ನು ಕಡತವೊಂದರಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಅದನ್ನೋದಿ ಹಿಂದಿನಂತೆ ನಿಲ್ಲಿಸುತ್ತದೆ. ನಮ್ಮಲ್ಲಾದರೋ ಸಂಜೆ ಅಟೆಂಡರು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ಬರೆದಿಡಲು ಯಂತ್ರಕ್ಕೆ ಬಿಡುವೇ ಇಲ್ಲ! ಬೆಳಗ್ಗೆ ಅದು ಓದಿಕೊಳ್ಳುತ್ತಿದ್ದುದು ಎಂದೋ ಬರೆದಿಟ್ಟ ಮೌನವನ್ನು.

ಪರಿಹಾರ ಸುಲಭ. ಟರ್ಮಿನಲ್ ತೆರೆದು 'ಆಲ್ಸಾಮಿಕ್ಸರ್' ಎಂದು ಟೈಪು ಮಾಡಿರಿ. ಧ್ವನಿಮಟ್ಟದ ಕಂಬಗಳು ಕಾಣುತ್ತವೆ. ಒಂದಕ್ಕಿಂತ ಹೆಚ್ಚು ಧ್ವನಿಫಲಕಗಳಿದ್ದರೆ ಎಫ್6 ಕೀಲಿಯಿಂದ ಬೇಕಾದುದನ್ನು ಆರಿಸಿಕೊಳ್ಳಿರಿ. ಕಂಬದ ಬುಡದಲ್ಲಿ 'ಎಂಎಂ' ಎಂದಿದ್ದರೆ ಅದು ಮೂಕ. ಎಂ ಕೀಲಿಯನ್ನೊತ್ತಿದರೆ ಬಾಯಿ ಬಿಡುತ್ತದೆ. ಮೇಲುಬಾಣದಿಂದ ಮಟ್ಟವನ್ನೇರಿಸಿ, ಎಸ್ಕೇಪ್ ಒತ್ತಿ ಹೊರಬನ್ನಿರಿ. ಬಳಿಕ 'ಸುಡೋ ಆಲ್ಸಾಸಿಟಿಎಲ್ ಸ್ಟೋರ್' ಎಂಬ ಆಜ್ಞೆ ಕೊಡಿರಿ. ಆಲ್ಸಾ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ಸಿ, ಟಿ, ಎಲ್ ಸೇರಿಸಿದರೆ ಆ ಏಳಕ್ಷರದ ಹೆಸರಾಗುತ್ತದೆ. ಕಡತವು ಆಡಳಿತಗಾರನ ವಶದಲ್ಲಿರುವುದರಿಂದ ಮೊದಲಿಗೆ 'ಸುಡೋ' ಬೇಕು. ಅಂದಿನ ಮಟ್ಟಗಳು 'ಅಸೌಂಡ್.ಸ್ಟೇಟ್' ಎಂಬ ಕಡತದಲ್ಲಿ ಆ ಕ್ಷಣವೇ ದಾಖಲಾಗುತ್ತವೆ; ಆಮೇಲೆ ವಿದ್ಯುತ್ತು ಹೋದರೂ ಚಿಂತೆಯಿಲ್ಲ.

ಪೈಪ್‌ವೈರ್ ಬಳಸುವ ಈಚಿನ ಗಣಕಗಳಲ್ಲಿ ವೈರ್‌ಪ್ಲಂಬರ್ ಎಂಬ ಸೇವಕನು ಬಳಕೆದಾರರ ಧ್ವನಿಮಟ್ಟವನ್ನು ಬೇರೆಯಾಗಿಯೂ ನೆನಪಿಡುತ್ತಾನೆ. ಆದರೂ ಗಣಕವನ್ನು ಕ್ರಮವಾಗಿ ಮುಚ್ಚುವುದೇ ಲೇಸು. ಅಟೆಂಡರಿಗೆ ಇದನ್ನು ತಿಳಿಸಿದೆ, ಅವರೂ ಒಪ್ಪಿದರು.

ಮರುದಿನ ಬೆಳಗ್ಗೆ ಅಭ್ಯಾಸಬಲದಿಂದ ಗಣಕಶಾಲೆಗೆ ಓಡಿದೆ. ಒಳಗಿನಿಂದ ಯಂತ್ರದ ದನಿ ಕೇಳಿಸುತ್ತಿತ್ತು. ಹುಡುಗ ಆಗಲೇ ಪಾಠದ ಎರಡನೆಯ ಪುಟದಲ್ಲಿದ್ದ. ನಾನು ಬಂದುದನ್ನು ಗಮನಿಸಲೂ ಇಲ್ಲ.