ನಾಳೆಯ ಕೆಲಸಕ್ಕೆ ಇವತ್ತೇ ಹದ

ಒಣಬೇಸಾಯದವರಿಗೆ ಮಳೆ ಕೈಲಿಲ್ಲ. ಬೆಲೆಯೂ ಕೈಲಿಲ್ಲ. ಕೈಲಿರೋದು ನಮ್ಮ ದಿನ ಒಂದೇ. ಅದನ್ನೂ ನಾನು ಬಹಳ ವರ್ಷ ಕೈಬಿಟ್ಟಿದ್ದೆ.

ಚಳ್ಳಕೆರೆ ಸೀಮೆಯಲ್ಲಿ ನಮ್ಮದು ಐದೆಕರೆ ಕೆಂಪು ಹೊಲ. ಶೇಂಗಾ, ಅದರಲ್ಲಿ ತೊಗರಿ ಅಕ್ಕಡಿ, ಒಂದೆಕರೆ ನವಣೆ. ಬೋರ್‌ವೆಲ್ ಇಲ್ಲ.

2018ರ ಮೇ ತಿಂಗಳು. ತೊಗರಿ ಕೂಳೆ ಕೀಳಬೇಕಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಸನಿಕೆಯ ಕಾವು ಅಲ್ಲಾಡುತ್ತಿದೆ. ಬೆಣೆ ಹುಡುಕಿದೆ. ಸುತ್ತಿಗೆ ಪಕ್ಕದ ಮನೆಗೆ ಹೋಗಿತ್ತು. ಎಲ್ಲ ಸರಿಮಾಡಿ ಹೊಲ ಸೇರುವಾಗ ಒಂಬತ್ತೂವರೆ. ಹೋದ ಹೊತ್ತು ತುಂಬಿಕೊಳ್ಳೋಣ ಅಂತ ಮಧ್ಯಾಹ್ನವೂ ನಿಲ್ಲಿಸಲಿಲ್ಲ. ನೀರಿನ ಕ್ಯಾನು ಹೊಲದ ಆ ತುದಿಯಲ್ಲಿತ್ತು. ಒಂದು ಗಂಟೆ ಸುಮಾರಿಗೆ ತಲೆ ಸುತ್ತಿತು, ವಾಂತಿಯಾಯಿತು, ಕುಸಿದೆ. ಮನೆಯಾಕೆ ಹೊಂಗೆ ನೆರಳಿಗೆ ಎಳೆದು, ಮೈಗೆಲ್ಲ ಒದ್ದೆ ಟವೆಲ್ ಒತ್ತಿ, ಆಟೋ ಕರೆಸಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅರ್ಧ ದಿನ ಉಳಿಸಲು ಹೋಗಿ ನಾಲ್ಕು ದಿನ ಮಲಗಿದೆ.

ಮಲಗಿದಲ್ಲೇ ಯೋಚಿಸಿದೆ. ತಪ್ಪು ಬಿಸಿಲಿನದಲ್ಲ. ಮೇ ತಿಂಗಳಲ್ಲಿ ಬಿಸಿಲು ಇದ್ದೇ ಇರುತ್ತೆ. ತಪ್ಪು ಸಡಿಲ ಕಾವಿನದು. ಹಿಂದಿನ ರಾತ್ರಿ ಅದನ್ನು ನೋಡದೆ ಮಲಗಿದ ನನ್ನದು. ಆಮೇಲೆ ನಾಲ್ಕು ಅಭ್ಯಾಸ ಮಾಡಿಕೊಂಡೆ. ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

ರಾತ್ರಿಯ ಕಾಲು ಗಂಟೆ

ಊಟಕ್ಕೆ ಮೊದಲು ಕಾಲು ಗಂಟೆ ಜಗುಲಿ ಮೇಲೆ ಕೂರುತ್ತೇನೆ. ಮರುದಿನ ಬೇಕಾದ ಹತಾರ ಅಷ್ಟನ್ನೇ ಇಳಿಸಿ ನೋಡೋದು. ಕುರ್ಚಿಗೆಗೆ ಸಾಣೆ, ಕಾವಿಗೆ ಬೆಣೆ, ಕುಂಟೆಯ ಕುಡಕ್ಕೆ ಒಂದು ಕಣ್ಣು. ಮೊಂಡು ಕುರ್ಚಿಗೆಯಲ್ಲಿ ಕಳೆ ತೆಗೆದರೆ ಸಂಜೆಗೆ ಮಣಿಕಟ್ಟು ಊದುತ್ತೆ, ಸಾಲು ಮುಗಿಯೋಲ್ಲ. ಸಡಿಲ ಕಾವನ್ನು ನೀರಲ್ಲಿ ನೆನೆಸೋದು ನಮ್ಮಲ್ಲಿ ರೂಢಿ. ಅದು ಆ ಹೊತ್ತಿಗೆ ಬಿಗಿ, ಒಣಗಿದ ಮೇಲೆ ಮತ್ತೆ ಸಡಿಲ. ಬೆಣೆಯೇ ಸರಿ.

ಗೋಡೆಗೆ ಗೂಟ ಹೊಡೆದು ಪ್ರತಿ ಹತಾರಕ್ಕೂ ಒಂದು ಜಾಗ ಮಾಡಿದ್ದೇನೆ. ಖಾಲಿ ಗೂಟ ಕಂಡರೆ ಯಾವುದೋ ವಸ್ತು ಹೊರಗಿದೆ ಎಂದರ್ಥ. ಆವತ್ತೇ ಹೋಗಿ ತರುತ್ತೇನೆ.

ಆಮೇಲೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ನಾಳೆ ಮಳೆ ಬಾರದಿದ್ದರೆ ಯಾವ ಕೆಲಸ, ಬಂದರೆ ಯಾವ ಕೆಲಸ. ಮಳೆಯ ಸಾಲನ್ನು ಬರೆಯದಿದ್ದರೆ, ಹನಿ ಬಿದ್ದ ದಿನವೆಲ್ಲ ಅಂಗಡಿ ಕಟ್ಟೆ ಮೇಲೆ ಕಳೆದುಹೋಗುತ್ತೆ. ಬರೆದಿದ್ದರೆ ಶೇಂಗಾ ಬೀಜ ಸುಲಿಯೋದು, ಚೀಲ ಹೊಲಿಯೋದು ಆಗುತ್ತೆ.

ತಂಪು ಹೊತ್ತು, ಭಾರದ ಕೆಲಸ

ಬೇಸಿಗೆಯಲ್ಲಿ ಆರಕ್ಕೆ ಹೊಲದಲ್ಲಿರುತ್ತೇನೆ. ಅಗೆಯೋದು, ಹೊರೋದು, ಬದು ಹಾಕೋದು ಹತ್ತೂವರೆಯೊಳಗೆ. ಹನ್ನೊಂದಾದ ಮೇಲೆ ಎಷ್ಟೇ ಉಳಿದಿರಲಿ, ನೆರಳಿಗೆ. ಮತ್ತೆ ಇಳಿಯೋದು ನಾಲ್ಕಕ್ಕೆ. ಮೊದಮೊದಲು ಜನ ನಕ್ಕರು, "ಏನಪ್ಪ, ಸಾಹೇಬನಾದೆ?" ಅಂದರು. ನಗಲಿ ಬಿಡಿ. ಎರಡು ಹೊತ್ತಿನಲ್ಲಿ ಆಗುವ ಕೆಲಸ, ದಿನವಿಡೀ ಒದ್ದಾಡಿದಾಗ ಆಗುತ್ತಿದ್ದುದಕ್ಕಿಂತ ಕಡಿಮೆಯೇನಿಲ್ಲ.

ನೀರು ನಾನಿರುವ ಸಾಲಿನಲ್ಲೇ ಇರಬೇಕು. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ. ಒಂಬತ್ತಕ್ಕೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದ ರಾಗಿ ಅಂಬಲಿ. ಒಂದು ಮಾತು ನೆನಪಿಡಿ: ಬಿಸಿಲಲ್ಲಿ ಯಾರಾದರೂ ತೊದಲಿದರೆ, ಅಡ್ಡಾದಿಡ್ಡಿ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ, ಮನೆಮದ್ದಿಗೆ ಕಾಯಬೇಡಿ. ಮೈ ಒದ್ದೆ ಮಾಡಿ ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಎತ್ತಿನ ಸೋಮವಾರ

ನಮ್ಮಪ್ಪ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ದಿನ. ಎತ್ತಿಗೆ ರಜಾ ಅಂದರೆ ಆಳಿಗೂ ಅರ್ಧ ರಜಾ. ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರ್ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಸೋಮವಾರವೇ ಇಲ್ಲದಂತಾಯಿತು. ಎತ್ತಿನ ಜೊತೆ ನನ್ನ ವಿಶ್ರಾಂತಿಯನ್ನೂ ಮಾರಿದ್ದೆ ಅಂತ ಆಮೇಲೆ ಗೊತ್ತಾಯಿತು.

ಈಗ ಎತ್ತಿಲ್ಲದಿದ್ದರೂ ಸೋಮವಾರ ಇದೆ. ಆವತ್ತು ಬೆವರಿನ ಕೆಲಸವಿಲ್ಲ. ಹೊಲದ ಬದುವಿನ ಮೇಲೆ ಬರಿಗೈಲಿ ಒಂದು ಸುತ್ತು. ಎಲ್ಲಿ ಬದು ಒಡೆದಿದೆ, ಯಾವ ಸಾಲಿಗೆ ಹುಳ ಬಿದ್ದಿದೆ ಅನ್ನೋದು ತಲೆ ಬಗ್ಗಿಸಿ ದುಡಿಯುವಾಗ ಕಾಣೋದಿಲ್ಲ, ನಡೆಯುವಾಗ ಕಾಣುತ್ತೆ. ಬಿತ್ತನೆ, ಒಕ್ಕಣೆ ಬಂದರೆ ಮಾತ್ರ ಈ ನಿಯಮ ಸಡಿಲ. ಹದ ಸೋಮವಾರ ನೋಡಿ ಬರೋದಿಲ್ಲ.

ಮಳೆ ಡಬ್ಬಿ

ಮೇಲಿಂದ ಕೆಳಗೆ ಒಂದೇ ಅಗಲ ಇರುವ, ತಳ ಚಪ್ಪಟೆಯಾದ ಡಬ್ಬಿಯೊಂದನ್ನು ಬಯಲಲ್ಲಿ ಕಲ್ಲುಗಳ ನಡುವೆ ನಿಲ್ಲಿಸಿದ್ದೇನೆ. ಮಳೆಯ ಮರುದಿನ ಬೆಳಿಗ್ಗೆ ಎಂಟೂವರೆಗೆ ಮಗಳ ಸ್ಕೇಲ್ ಇಳಿಸಿ ಅಳೆದು ಬರೆಯೋದು. ಹತ್ತು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು! ಈ ಲೆಕ್ಕ ತಿಳಿದ ದಿನದಿಂದ ಬದು ಹಾಕುವ ಕೆಲಸ ನನಗೆ ಬೇಜಾರಿಲ್ಲ.

ಆದರೆ ಡಬ್ಬಿಯೊಂದನ್ನೇ ನಂಬಬಾರದು. ಮಣ್ಣು ಅಗೆದು ತೇವ ಎಷ್ಟು ಆಳ ಇಳಿದಿದೆ ಅಂತಲೂ ನೋಡುತ್ತೇನೆ. 2023ರ ಬರದಲ್ಲಿ ಹನಿ ಮಳೆ ಬಿದ್ದಾಗ ತೇವ ನಾಲ್ಕು ಬೆರಳೂ ಇಳಿದಿರಲಿಲ್ಲ. ಶೇಂಗಾ ಬೀಜ ಹಾಕಲಿಲ್ಲ. ಕೊನೆಗೆ ಹುರುಳಿ ಚೆಲ್ಲಿದೆ, ಕಾಳು ಆಗಲಿಲ್ಲ, ಮೇವಾಯಿತು. ಬೀಜದ ಸಾಲ ಮಾತ್ರ ಆಗಲಿಲ್ಲ.

ಮನೆಯಾಕೆಯ ಪ್ರಶ್ನೆ

ಇಷ್ಟೆಲ್ಲ ಮಾಡಿ ಒಂದು ದಿನ ಜಂಬದಿಂದ ಹೇಳಿಕೊಂಡೆ. ಅವಳು ಅಂದಳು: "ನಿಮ್ಮ ದಿನ ಹಗುರಾಯ್ತು. ಆರಕ್ಕೆ ನೀವು ಹೊಲದಲ್ಲಿರಬೇಕಂದ್ರೆ ನಾನು ನಾಲ್ಕಕ್ಕೆ ಏಳ್ತೀನಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ರಾತ್ರಿಯ ಕಾಲು ಗಂಟೆ ಅರ್ಧ ಗಂಟೆಯಾಯಿತು. ನೀರು ತುಂಬೋದು, ಸೌದೆ ಒಳಗಿಡೋದು, ಅಂಬಲಿ ಕಾಸಿಡೋದು ನನ್ನ ಕೆಲಸ. ಈಗ ಅವಳು ಐದಕ್ಕೆ ಏಳುತ್ತಾಳೆ. ಸೋಮವಾರ ಬದು ಸುತ್ತಲು ಅವಳೂ ಬರುತ್ತಾಳೆ. ಹುಳ ಮೊದಲು ಅವಳ ಕಣ್ಣಿಗೇ ಬೀಳುತ್ತೆ.

ನೋಟ್‌ಬುಕ್ ಬರೆದರೆ ಮಳೆ ಬರೋದಿಲ್ಲ. ಆದರೆ ಮಳೆ ಬಂದ ದಿನ ನಾನು ಸುತ್ತಿಗೆ ಹುಡುಕುತ್ತಾ ನಿಂತಿರೋದಿಲ್ಲ. ಇವತ್ತು ರಾತ್ರಿ ಒಂದು ಕಾವನ್ನು ಅಲ್ಲಾಡಿಸಿ ನೋಡಿ. ಅಲ್ಲಿಂದ ಶುರುಮಾಡಿದರೆ ಸಾಕು.