ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಯಿತು?

ಧಾರವಾಡದ ಹತ್ತಿರದ ಮುಗದದಿಂದ ಸೂಟಿಯಲ್ಲಿ ಬಾದಾಮಿ ನೋಡಲು ಹೊರಟ ಗಂಡ, ಹೆಂಡತಿ, ಇಬ್ಬರು ಸಣ್ಣ ಮಕ್ಕಳು ಗುಹೆಗಳ ಗೇಟಿನಲ್ಲಿ 50 ರೂಪಾಯಿ ಎಣಿಸಬೇಕು. 2018ರಲ್ಲಿ ಗೊತ್ತುಮಾಡಿದ ದರದಂತೆ ತಲೆಗೆ 25, ಮೊಬೈಲಿನಲ್ಲಿ ಕಟ್ಟಿದರೆ 5 ಕಡಿಮೆ, 15 ವರ್ಷದೊಳಗಿನವರಿಗೆ ಪುಕ್ಕಟೆ. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ 40.

ಈ ರೊಕ್ಕದಲ್ಲೇ ಗುಹೆಯ ರಿಪೇರಿ ಆಗುತ್ತದೆ ಎಂದು ಸುಮಾರು ಜನ ತಿಳಿದಿದ್ದಾರೆ. ಆದರೆ ಅದು ನೇರವಾಗಿ ದಿಲ್ಲಿಗೆ, ಭಾರತದ ಸಂಚಿತ ನಿಧಿಗೆ ಜಮಾ ಆಗುತ್ತದೆ. ಸ್ಮಾರಕ ಕಾಯುವ ಪುರಾತತ್ವ ಸರ್ವೇಕ್ಷಣಾ ಇಲಾಖೆಗೆ ಬಜೆಟ್ಟಿನಿಂದ ವರ್ಷವರ್ಷ ಬೇರೆ ಅನುದಾನ ಬರುತ್ತದೆ. ಗೇಟಿನ ಗಳಿಕೆಗೂ ಆ ಅನುದಾನಕ್ಕೂ ಗಂಟು ಹಾಕಿಲ್ಲ.

ನಮ್ಮ ಹಿಂದಿನವರ ಲೆಕ್ಕ ಬೇರೆ ಇತ್ತು. ಚಾಲುಕ್ಯರ ಕಾಲದ ದಾನಶಾಸನ ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಮುರಿದದ್ದು, ಬಿರಿದದ್ದು ಸರಿಪಡಿಸಲು ಎಂದು ಅರ್ಥ. ಗುಡಿ ಕಟ್ಟಿಸುವಾಗಲೇ ಅದು ಒಡೆಯುತ್ತದೆಂದು ಒಪ್ಪಿಕೊಂಡು ಇಷ್ಟು ಮತ್ತರು ಹೊಲ, ವೀಳ್ಯದೆಲೆಯ ಹೇರಿನ ಮೇಲೆ ಇಷ್ಟು ಸುಂಕ, ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಎಣ್ಣೆ ಎಂದು ಕಲ್ಲಿನಲ್ಲಿ ಬರೆಸಿಡುತ್ತಿದ್ದರು. ಈ ದಾನವನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ! ಆಡಿಟ್ ಆಕ್ಷೇಪಣೆಗಿಂತ ಇದಕ್ಕೆ ಜನ ಹೆಚ್ಚು ಅಂಜಿರಬೇಕು.

ಹೊಲದ ಆದಾಯ ನೋಡಲು ಬಂದವರನ್ನು ನೆಚ್ಚಿರಲಿಲ್ಲ ಎಂಬುದೇ ಇಲ್ಲಿನ ಜಾಣತನ. 2020ರ ಮಾರ್ಚ್ 17ರಿಂದ ಕೊರೊನಾದ ದೆಸೆಯಿಂದ ಟಿಕೆಟ್ ಕಿಟಕಿಗಳು ಮುಚ್ಚಿದವು. ಮಳೆಗಾಲ ಮಾತ್ರ ತನ್ನ ಹೊತ್ತಿಗೆ ಬಂತು. ಗುಡಿಯ ಮಾಡಿನ ಸಂದಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಅಷ್ಟಕ್ಕೇ ಚಿಗುರುತ್ತದೆ. ಬೆರಳುದ್ದ ಇದ್ದಾಗ ಒಬ್ಬ ಆಳು ಅದನ್ನು ಬೇರುಸಮೇತ ಕಿತ್ತು, ಸಂದಿಗೆ ಸುಣ್ಣದ ಗಾರೆ ತುಂಬಿದರೆ ಮುಗಿಯಿತು. ನಾಲ್ಕು ಮಳೆಗಾಲ ಬಿಟ್ಟರೆ ಬೇರು ಕಲ್ಲುಗಳ ನಡುವೆ ಇಳಿದು ಚಪ್ಪಡಿಯನ್ನೇ ಎತ್ತುತ್ತದೆ. ಆಗ ಅಟ್ಟಣಿಗೆ ಕಟ್ಟಿ, ಕಲ್ಲಿಗೆ ನಂಬರು ಹಾಕಿ, ಬಿಚ್ಚಿ ಜೋಡಿಸಬೇಕು. ಅಂದರೆ ಬೇಕಾದದ್ದು ತಪ್ಪದೆ ಬರುವ ಸಣ್ಣ ರೊಕ್ಕ.

ಹಾಗಾದರೆ ಆಯಾ ಗೇಟಿನ ದುಡ್ಡು ಆಯಾ ಜಾಗಕ್ಕೇ ಇರಲಿ ಅನ್ನೋಣವೇ? ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು, ಟಿಕೆಟ್ ಇರುವವು 150ರ ಒಳಗೆ. ಹಾಗೆ ಮಾಡಿದರೆ ತಾಜಮಹಲು ಉಂಡು ತೇಗುತ್ತದೆ, ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಉಪವಾಸ. ಕಾಂಬೋಡಿಯಾದ ಅಂಕೋರಿನಲ್ಲಿ 37 ಡಾಲರಿನ ಟಿಕೆಟ್ಟಿನಲ್ಲಿ 2 ಡಾಲರು ಮಕ್ಕಳ ಆಸ್ಪತ್ರೆಗೆಂದು ತೆಗೆದಿಡುತ್ತಾರೆ. ಬಾದಾಮಿಯ 25ರಲ್ಲೂ ಒಂದು ಪಾಲು ಟಿಕೆಟ್ಟಿಲ್ಲದ ನೆರೆಯ ಗುಡಿಗೆ, ಒಂದು ಪಾಲು ಅಲ್ಲೇ ಗಾರೆಗೆ ಎಂದು ಗೇಟಿನ ಹತ್ತಿರ ಬರೆದು ಹಾಕಬಹುದು.

ಉಣಕಲ್ಲಿನಲ್ಲಿ ಗೇಟಿಗೆ ದುಡ್ಡಿಲ್ಲ. ಮನೆಗಳ ನಡುವಿನ ಓಣಿಯಲ್ಲಿ ಹೋದರೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಗುಡಿ ಸಿಗುತ್ತದೆ. ಹೋದಾಗ ಒಮ್ಮೆ ತಲೆಯೆತ್ತಿ ಮಾಡಿನ ಅಂಚು ನೋಡಿ, ಅರಳಿ ಚಿಗುರಿದೆಯೇ ಎಂದು.